ಬಿರುಬಿಸಿಲಿನಲ್ಲಿ ಮೈಚರ್ಮದ ಜೋಪಾನ



ಶಿವರಾತ್ರಿ ಕಳೆಯಿತು. ಶಿವ ಶಿವಾ ಎನ್ನುತ್ತ ಚಳಿಯೂ ಹೋಯಿತು. ಇನ್ನು ಹೋಳಿ, ಅದರ ಬೆನ್ನಿಗೆ ಯುಗಾದಿ. ಯುಗಾದಿಯ ಹೊತ್ತಿಗೆ ರಾಯಚೂರು, ಕಲಬುರಗಿ, ಯಾದಗಿರಿ, ವಿಜಯಪುರ, ಬಳ್ಳಾರಿ ಕಡೆಯ ಬಿಸಿಲು ಹೇಗಿರುತ್ತದೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾವು 40 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ಎಷ್ಟೋ ಬೇಸಿಗೆಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಹೊಲಕ್ಕಾದರೋ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಹತ್ತಿ ಕಟ್ಟಿಗೆ ಕೀಳುವುದು, ಉಳುಮೆ ಮಾಡುವುದು, ತಿಪ್ಪೆಗೊಬ್ಬರ ಹೇರುವುದು ಇವೆಲ್ಲ ಬೇಸಿಗೆಯಲ್ಲಿಯೇ ಆಗಬೇಕಾದ ಕೆಲಸಗಳು.

ನಾನು ಬೀಜ, ಗೊಬ್ಬರ, ಕೀಟಗಳ ಮಾತನಾಡುವವನು. ಇಂದು ಮಾತ್ರ ಬೆಳೆ ತೆಗೆಯುವವರ ಮೈಯ ಮಾತನಾಡಬೇಕೆಂದಿದ್ದೇನೆ. ಕೃಷಿ ಇಲಾಖೆಯವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಅದಕ್ಕೊಂದು ಕಾರಣವುಂಟು.

ಎರಡು ವರ್ಷದ ಹಿಂದೆ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಎರೆಭೂಮಿಯಲ್ಲಿ ತೇವ ಉಳಿಸುವುದು ಹೇಗೆಂದು ಹೇಳುತ್ತಿದ್ದೆ. ಬೆಳೆಯ ಸಾಲುಗಳ ನಡುವೆ ಎಡೆಕುಂಟೆ ಹೊಡೆದರೆ ಬಿರುಕು ಮುಚ್ಚುತ್ತದೆ, ಮೇಲಿನ ಸಡಿಲ ಮಣ್ಣು ಹೊದಿಕೆಯಾಗಿ ಒಳಗಿನ ತೇವ ಆರದಂತೆ ಕಾಯುತ್ತದೆ ಎಂದೆ. ಆಗ ಹಿರಿಯರೊಬ್ಬರು ಎದ್ದು ನಿಂತು, ಚಪ್ಪಲಿ ಬಿಟ್ಟು, ಹಿಮ್ಮಡಿ ತೋರಿಸಿದರು.

"ಸಾಹೇಬ್ರ, ನೆಲದ ಬಿರುಕು ಮುಚ್ಲಿಕ್ಕ ಎಡಿ ಹೊಡೀರಿ ಅಂದ್ರಿ, ಖರೆ ಅದ. ನನ್ನ ಕಾಲಿನ ಬಿರುಕಿಗೆ ಯಾವ ಕುಂಟಿ ಹೊಡೀಲಿ?"

ಜನವೆಲ್ಲ ನಕ್ಕಿತು. ನಾನೂ ನಕ್ಕೆ. ಅವರ ಹಿಮ್ಮಡಿ ಬೇಸಿಗೆಯ ಎರೆ ಹೊಲದಂತೆಯೇ ಬಾಯಿ ಬಿಟ್ಟಿತ್ತು. ಬಿರುಕಿನೊಳಗೆ ಗಾಡಿಯ ಕೀಲೆಣ್ಣೆ ತುಂಬಿದ್ದರು. ಪಕ್ಕದಲ್ಲಿ ಕುಳಿತ ಇನ್ನೊಬ್ಬರು ತಮ್ಮ ಹೆಬ್ಬೆರಳಿನ ಬುಡ ತೋರಿಸಿ, "ನನಗೂ ಬಿಟ್ಟದರಿ, ಆದ್ರ ನನಗ ನೋವೇ ಇಲ್ಲ" ಎಂದರು. ನೋವಿಲ್ಲವೆಂದ ಮೇಲೆ ಚಿಂತೆಯಿಲ್ಲವೆಂದು ನಾನೂ ತಿಳಿದೆ. ಸಭೆ ಮುಗಿಸಿ ಹೊರಟುಬಿಟ್ಟೆ.

ಮುಂಗಾರು ಬಿತ್ತನೆಯ ಹೊತ್ತಿಗೆ ಮತ್ತೆ ಹೋದಾಗ ಆ ಎರಡನೆಯವರು ಆಸ್ಪತ್ರೆಯಲ್ಲಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಅದರಿಂದ ಕಾಲಿನ ಸ್ಪರ್ಶ ಸತ್ತಿತ್ತು, ಆದ್ದರಿಂದಲೇ ನೋವಿರಲಿಲ್ಲ. ಬಿರುಕಿನೊಳಗೆ ಮಣ್ಣು ಹೊಕ್ಕು ಕೀವಾಗಿ, ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಆ ವರ್ಷ ಅವರ ಹೊಲವನ್ನು ಬೇರೆಯವರು ಬಿತ್ತಿದರು. ಅಂದು ನಾನು ನಕ್ಕು ಹೊರಟುಬಂದದ್ದು ಇಂದಿಗೂ ನನ್ನನ್ನು ಕುಟುಕುತ್ತದೆ. ಅದಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿ ಹೋಗಿ ಕುಳಿತು ಕೇಳಿ ತಿಳಿದುಕೊಂಡೆ. ಆ ಮಾತುಗಳನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಚರ್ಮ ಬಿರಿಯುವುದೇಕೆಂದು ನೋಡೋಣ. ನಮ್ಮ ಚರ್ಮದ ತೀರ ಮೇಲಿನ ಪದರ ಮಣ್ಣು ಮೆತ್ತಿ ಕಟ್ಟಿದ ಕಲ್ಲಿನ ಗೋಡೆಯಂತಿದೆ. ಸತ್ತ ಚರ್ಮಕಣಗಳೇ ಕಲ್ಲುಗಳು. ಅವುಗಳ ನಡುವಿನ ಜಿಡ್ಡೇ ಮೆತ್ತಿದ ಮಣ್ಣು. ಈ ಜಿಡ್ಡು ಇರುವವರೆಗೆ ಒಳಗಿನ ನೀರು ಹೊರಗೆ ಆರುವುದಿಲ್ಲ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ಒಣ ಬಿಸಿಗಾಳಿ ಒಂದು ಕಡೆಯಿಂದ ತೇವವನ್ನು ಎಳೆಯುತ್ತದೆ. ಬಿಸಿನೀರು, ಖಾರವಾದ ಸಾಬೂನು ಇನ್ನೊಂದು ಕಡೆಯಿಂದ ಜಿಡ್ಡನ್ನು ತೊಳೆದು ಹಾಕುತ್ತವೆ. ಗೋಡೆಯ ಮಣ್ಣು ಉದುರಿದರೆ ಕಲ್ಲು ಸಡಿಲವಾಗುವಂತೆ ಚರ್ಮವೂ ಹೊಟ್ಟು ಏಳುತ್ತದೆ, ತುರಿಸುತ್ತದೆ, ಕೊನೆಗೆ ಬಿರಿಯುತ್ತದೆ. ಅಂಗೈ, ಅಂಗಾಲುಗಳಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳೇ ಇಲ್ಲ. ಮೈಭಾರವೆಲ್ಲ ಹಿಮ್ಮಡಿಯ ಮೇಲೆಯೇ ಬೀಳುವುದರಿಂದ ಅದು ಎಲ್ಲಕ್ಕಿಂತ ಮೊದಲು ಬಾಯಿ ಬಿಡುತ್ತದೆ.

ಹಾಗಾದರೆ ಉಪಾಯವೇನು? ಹೊಲದಲ್ಲಿ ಮಾಡುವುದನ್ನೇ ಮೈಗೂ ಮಾಡಬೇಕು. ತೇವ ಇರುವಾಗಲೇ ಹೊದಿಕೆ ಹಾಕಬೇಕು. ಮಳೆ ಬಂದು ಹದಿನೈದು ದಿನವಾಗಿ ನೆಲ ಸೀಳಿದ ಮೇಲೆ ಕುಂಟೆ ಹೊಡೆದರೆ ಎಷ್ಟು ಫಲ? ಮೈ ಪೂರ್ತಿ ಆರಿದ ಮೇಲೆ ಎಣ್ಣೆ ಹಚ್ಚುವುದೂ ಅಷ್ಟೇ. ಸ್ನಾನ ಮಾಡಿ, ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ, ಎಣ್ಣೆ ಸವರಬೇಕು. ಚರ್ಮ ಕುಡಿದ ನೀರು ಆಗ ಒಳಗೇ ಉಳಿಯುತ್ತದೆ.

ಯಾವ ಎಣ್ಣೆ ಎಂದು ತಾಯಂದಿರು ಕೇಳುತ್ತಾರೆ. ಕೊಬ್ಬರಿ ಎಣ್ಣೆ ಒಳ್ಳೆಯದು. ನಮ್ಮ ಕಡೆಯ ಕುಸುಬಿ ಎಣ್ಣೆ, ಸೂರ್ಯಕಾಂತಿ ಎಣ್ಣೆಯೂ ಆಗುತ್ತದೆ. ಭಜಿ ಕರಿದು ಉಳಿದ ಎಣ್ಣೆ ಬೇಡ. ಸಾಸಿವೆ ಎಣ್ಣೆ ಎಳೆಯ ಮಕ್ಕಳ ಚರ್ಮವನ್ನು ಕೆರಳಿಸುವುದುಂಟು, ಅದನ್ನು ಬಿಡಿ. ಎಣ್ಣೆಯ ಜಿಡ್ಡಿಗೆ ಹಗಲು ಧೂಳು ಅಂಟುತ್ತದೆ. ಆದ್ದರಿಂದ ಹೊಲದಿಂದ ಬಂದು ಸಂಜೆ ಸ್ನಾನ ಮಾಡಿದ ಮೇಲೆ ಹಚ್ಚುವುದೇ ಮೇಲು. ಕೈಕಾಲುಗಳಿಗೆ ಒಂದೆರಡು ಚಮಚ ಎಣ್ಣೆ ಸಾಕು.

ಸ್ನಾನದ ನೀರು ತಣ್ಣಗೆ ಅಥವಾ ಉಗುರುಬೆಚ್ಚಗೆ ಇರಲಿ. ಸುಡುಸುಡು ನೀರು ಸುರಿದುಕೊಂಡರೆ ದಣಿವು ಆರಿದಂತೆ ತೋರಬಹುದು, ಆದರೆ ಚರ್ಮದ ಜಿಡ್ಡೆಲ್ಲ ಕರಗಿ ಹೋಗುತ್ತದೆ. ಬಟ್ಟೆ ಒಗೆಯುವ ಸಾಬೂನನ್ನು ಮೈಗೆ ಹಚ್ಚಬೇಡಿ. ಅದು ಬಟ್ಟೆಯ ಜಿಡ್ಡು ತೆಗೆಯಲೆಂದೇ ಮಾಡಿದ್ದು. ಮೈಗೆ ಹಚ್ಚುವ ಸಾಬೂನೂ ಕಂಕುಳು, ತೊಡೆಸಂದು, ಪಾದ ಮೊದಲಾಗಿ ಬೆವರು, ಕೊಳೆ ಕೂಡುವ ಕಡೆಗೆ ಸಾಕು. ಉಳಿದ ಮೈಗೆ ದಿನಾಲೂ ಬೇಕಿಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರು ಗಡಸು. ಗಡಸು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ಮೈಮೇಲೆ ಬಿಳಿಯಾಗಿ ಅಂಟಿ ಉಳಿದು ತುರಿಸುತ್ತದೆ. ಅಂಥ ಕಡೆ ಸಾಬೂನು ಕಡಿಮೆ ಬಳಸಿ, ಕೊನೆಗೆ ಒಂದು ತಂಬಿಗೆ ನೀರು ಹೆಚ್ಚು ಸುರಿದುಕೊಳ್ಳಿ.

ಇನ್ನು ಹಿಮ್ಮಡಿಯ ವಿಷಯ. ರಾತ್ರಿ ಊಟವಾದ ಮೇಲೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹತ್ತು ಹದಿನೈದು ನಿಮಿಷ ಪಾದ ಅದ್ದಿಟ್ಟು ಕುಳಿತುಕೊಳ್ಳಿ. ಮೆತ್ತಗಾದ ದಪ್ಪ ಚರ್ಮವನ್ನು ಮೈ ಉಜ್ಜುವ ಕಲ್ಲಿನಿಂದ ಹಗುರಾಗಿ ತಿಕ್ಕಿ. ಬ್ಲೇಡು, ಕುಡಗೋಲು ತಾಗಿಸಲೇಬಾರದು. ಒರೆಸಿದ ಕೂಡಲೇ ವ್ಯಾಸಲೀನ್ ದಪ್ಪಗೆ ಸವರಿ, ಹಳೆಯ ಹತ್ತಿಬಟ್ಟೆ ಸುತ್ತಿ ಮಲಗಿ. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಕೊಬ್ಬರಿ ಎಣ್ಣೆ ತೆಗೆದುಕೊಳ್ಳಿ. ಕುದಿಯುವ ನೀರಿನ ಮೇಲೆ ಸಣ್ಣ ಪಾತ್ರೆ ಇಟ್ಟು ಎರಡನ್ನೂ ಕರಗಿಸಿ ಡಬ್ಬಿಗೆ ಹಾಕಿಡಿ; ತಣಿದರೆ ಮುಲಾಮಿನಂತೆ ಗಟ್ಟಿಯಾಗುತ್ತದೆ. ಬೋಗುಣಿಯಲ್ಲಿ ಉಳಿದ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದರೆ ಅದೂ ದಂಡವಾಗದು.

ಔಷಧದ ಅಂಗಡಿಯಲ್ಲಿ ಹಿಮ್ಮಡಿಗೆಂದು ಯೂರಿಯಾ ಬೆರೆತ ಮುಲಾಮು ಸಿಗುತ್ತದೆ. ಹೆಸರು ಕೇಳಿ ನಗಬೇಡಿ. ಯೂರಿಯಾ ನೀರನ್ನು ಹಿಡಿದಿಡುತ್ತದೆ, ಗಟ್ಟಿ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಆದರೆ ಚೀಲದ ಯೂರಿಯಾ ಗೊಬ್ಬರವನ್ನು ನೀರಲ್ಲಿ ಕಲಸಿ ಕಾಲಿಗೆ ಹಚ್ಚುವ ಸಾಹಸ ಯಾರೂ ಮಾಡಕೂಡದು. ಚೀಲದ್ದು ಹೊಲಕ್ಕೆ, ಟ್ಯೂಬಿನದು ಕಾಲಿಗೆ. ರಕ್ತ ಒಸರುವ ಬಿರುಕಿಗೆ ಈ ಮುಲಾಮು ಉರಿಯುತ್ತದೆ. ಅದು ಮಾಯುವ ತನಕ ಬರೀ ವ್ಯಾಸಲೀನ್ ಸಾಕು. ಕೀಲೆಣ್ಣೆ, ಸುಣ್ಣ, ತಂಬಾಕಿನ ಪುಡಿ ತುಂಬಬೇಡಿ. ನಮ್ಮ ಮಣ್ಣಿನಲ್ಲಿ, ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ತೆರೆದ ಗಾಯವೇ ಅದಕ್ಕೆ ದಾರಿ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ನೆನಪಿಲ್ಲದವರು ಆರೋಗ್ಯ ಕೇಂದ್ರದಲ್ಲಿ ಕೇಳಿ ಹಾಕಿಸಿಕೊಳ್ಳಬೇಕು.

ಸಕ್ಕರೆ ಕಾಯಿಲೆ ಇರುವವರು ಕಾಲನ್ನು ನೀರಿನಲ್ಲಿ ನೆನೆಯಿಡುವುದು, ಕಲ್ಲಿನಿಂದ ತಿಕ್ಕುವುದು ಮಾಡಬಾರದು. ನೀರು ಸುಟ್ಟರೂ ಅವರಿಗೆ ಗೊತ್ತಾಗದು. ಅವರು ದಿನಾಲೂ ಪಾದ ತೊಳೆದು, ಬೆರಳಸಂದು ಒರೆಸಿ, ಬೆಳಕಿನಲ್ಲಿ ನೋಡಬೇಕು. ಬಗ್ಗಿ ನೋಡಲಾಗದಿದ್ದರೆ ಮಕ್ಕಳಿಗೆ ಹೇಳಿ ನೋಡಿಸಿಕೊಳ್ಳಬೇಕು. ಹೊಲದಲ್ಲಾಗಲಿ ಅಂಗಳದಲ್ಲಾಗಲಿ ಬರಿಗಾಲಿನಲ್ಲಿ ಓಡಾಡಕೂಡದು.

ಈಗ ಬಿಸಿಲಿನ ತಡೆಯ ಮಾತು. ಎಣ್ಣೆ ತೇವವನ್ನು ಕಾಯುತ್ತದೆಯೇ ಹೊರತು ಬಿಸಿಲನ್ನು ತಡೆಯದು. ಬಿಸಿಲನ್ನು ತಡೆಯುವುದು ಬಟ್ಟೆ ಮತ್ತು ನೆರಳು. ರಾಜಸ್ಥಾನದ ಜೈಸಲ್ಮೇರಿನಲ್ಲಿ ವರ್ಷದ ಮಳೆ 200 ಮಿಲಿಮೀಟರಿನ ಆಸುಪಾಸು. ಅದು ನಿಜವಾದ ಮರುಭೂಮಿ. ನಮ್ಮ ರಾಯಚೂರಿಗೆ 600ರ ಆಸುಪಾಸು ಮಳೆಯುಂಟು. ಆದರೂ ಏಪ್ರಿಲ್ ತಿಂಗಳ ಬಿಸಿಗಾಳಿ ನಮ್ಮ ಮೈಗೂ ಮರುಭೂಮಿಯ ಪಾಠವನ್ನೇ ಹೇಳುತ್ತದೆ. ಆ ಮರುಭೂಮಿಯ ಜನ ಬಿಸಿಲೆಂದು ಅಂಗಿ ಕಳಚುವುದಿಲ್ಲ. ತಲೆಗೆ ದೊಡ್ಡ ಪಟಗ, ಮೈತುಂಬ ಸಡಿಲ ಬಟ್ಟೆ. ಅರಬ್ ಕಡೆಯ ಬೆದೂಯಿನ್ ಜನ ಕಪ್ಪು ನಿಲುವಂಗಿಯನ್ನೇ ತೊಟ್ಟು ಸುಡುವ ಮರಳಿನಲ್ಲಿ ತಿರುಗುತ್ತಾರೆ. ಇದು ಹೇಗೆ ಸಾಧ್ಯವೆಂದು ವಿಜ್ಞಾನಿಗಳು ಪರೀಕ್ಷೆ ಮಾಡಿ 1980ರಲ್ಲಿ ಪ್ರಕಟಿಸಿದರು. ಕಪ್ಪು ಬಟ್ಟೆ ಹೆಚ್ಚು ಕಾದರೂ, ಸಡಿಲವಾಗಿರುವುದರಿಂದ ಒಳಗೆ ಗಾಳಿಯಾಡಿ ಕಾವು ಹೊರಗೆ ಹೋಗುತ್ತದೆ. ಮೈಗೆ ತಾಗುವ ಕಾವು ಬಿಳಿ ನಿಲುವಂಗಿಯಷ್ಟೇ ಎಂದು ಕಂಡುಬಂತು. ಬಣ್ಣಕ್ಕಿಂತ ಸಡಿಲವೇ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಹಿರಿಯರ ಪಟಗ, ತೋಳುದ್ದದ ಅಂಗಿ, ಧೋತರ ಇವು ಇದೇ ಲೆಕ್ಕದವು. ಈಗಿನ ಹುಡುಗರು ಬನಿಯನ್ನಿನಲ್ಲೇ ಟ್ರ್ಯಾಕ್ಟರ್ ಹತ್ತುತ್ತಾರೆ. ಸಂಜೆಗೆ ಹೆಗಲು ಉರಿಯುತ್ತದೆ. ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗುವ ನಮ್ಮ ಅಕ್ಕತಂಗಿಯರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಡುವುದುಂಟು. ಅದನ್ನು ನೋಡಿ ಯಾರೂ ನಗೆಯಾಡಬಾರದು. ಅವರು ಮಾಡುವುದೇ ಸರಿ.

ಕೆಲಸದ ಹೊತ್ತನ್ನೂ ಹಿಂದುಮುಂದು ಮಾಡಿಕೊಳ್ಳಬೇಕು. ಗಡಿಯಾರ ಬೇಕಿಲ್ಲ, ನಿಮ್ಮ ನೆರಳನ್ನೇ ನೋಡಿ. ನೆರಳು ನಿಮಗಿಂತ ಉದ್ದವಾಗಿದ್ದರೆ ಕೆಲಸ ಸಾಗಲಿ. ನೆರಳು ನಿಮಗಿಂತ ಗಿಡ್ಡವಾಯಿತೆಂದರೆ ಸೂರ್ಯನ ಸುಡುವ ಕಿರಣ ಬಲವಾಯಿತೆಂದು ತಿಳಿದು ಬೇವಿನ ಮರದ ಅಡಿಗೆ ಬನ್ನಿ. ತೊನ್ನು ಇರುವವರು, ಹುಟ್ಟಿನಿಂದಲೇ ಮೈ ಬೆಳ್ಳಗಿರುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಅವರು ವೈದ್ಯರನ್ನು ಕೇಳಿ ಬಿಸಿಲು ತಡೆಯುವ ಮುಲಾಮನ್ನೂ ಹಚ್ಚಿಕೊಳ್ಳಬೇಕು.

ಬಾಯಾರಿಕೆ ಆಗುವ ಮೊದಲೇ ಆಗಾಗ ನೀರು ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಬೆವರಿನಲ್ಲಿ ಹೋದ ಉಪ್ಪನ್ನೂ ತುಂಬಿಕೊಡುತ್ತವೆ. ಬಿಸಿಲಿನಲ್ಲಿ ದುಡಿಯುವವರು ತಲೆ ತಿರುಗಿ ಬಿದ್ದರೆ, ಅಸಂಬದ್ಧ ಮಾತನಾಡಿದರೆ, ಮೈ ಕೆಂಡವಾದರೆ ಅದು ಬಿಸಿಲಿನ ಹೊಡೆತ. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ, 108ಕ್ಕೆ ಫೋನು ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ತುಟಿ ಒಡೆದವರು ನಾಲಿಗೆಯಿಂದ ಸವರುತ್ತಲೇ ಇರುತ್ತಾರೆ. ಎಂಜಲು ಆರಿದಂತೆ ತುಟಿ ಮತ್ತಷ್ಟು ಒಡೆಯುತ್ತದೆ. ರಾತ್ರಿ ಒಂದು ಬೊಟ್ಟು ತುಪ್ಪವನ್ನೋ ವ್ಯಾಸಲೀನನ್ನೋ ಹಚ್ಚಿ ಬಿಡಿ. ಮುಸುರೆ ತಿಕ್ಕುವ ತಾಯಂದಿರ ಕೈಗೂ ಅದೇ ಔಷಧ.

ಕೃಷಿಯವನಾಗಿ ಇನ್ನೆರಡು ಮಾತು ಹೇಳಲೇಬೇಕು. ಬಿರಿದ ಚರ್ಮ ಕೀಟನಾಶಕಕ್ಕೆ ತೆರೆದ ಬಾಗಿಲು. ಕೈಯಲ್ಲಿ ಬಿರುಕೋ ಗಾಯವೋ ಇದ್ದವರು ಔಷಧ ಕಲಸಬಾರದು, ಸಿಂಪಡಿಸಬಾರದು. ಉಳಿದವರೂ ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಸಿಂಪಡಣೆಗೆ ಇಳಿಯಬಾರದು. ಔಷಧ ಮೈಮೇಲೆ ಬಿದ್ದರೆ ಸಂಜೆಯವರೆಗೆ ಕಾಯದೆ ಆಗಲೇ ಬಟ್ಟೆ ಕಳಚಿ ಸಾಬೂನು ಹಚ್ಚಿ ತೊಳೆಯಬೇಕು. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಕೂಡಿಸಿ ಒಗೆಯಬಾರದು. ಎರಡನೆಯದು ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಕಸ. ಇದರ ಒಣ ಪುಡಿ ಗಾಳಿಯಲ್ಲಿ ಹಾರಿಬಂದು ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಎಬ್ಬಿಸುತ್ತದೆ. ಕೆಲವರಿಗೆ ಚರ್ಮ ಆನೆಯ ಚರ್ಮದಂತೆ ದಪ್ಪವಾಗುತ್ತದೆ. ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಗವಸು ಹಾಕಿ ಬೇರು ಸಹಿತ ಕಿತ್ತರೆ ಹೊಲಕ್ಕೂ ಲಾಭ, ಮೈಗೂ ಲಾಭ.

ತುರಿಕೆ, ಗಜಕರ್ಣ ಎಂದು ಅಂಗಡಿಯಲ್ಲಿ ಕೇಳಿದ ಕೂಡಲೇ ಒಂದು ಟ್ಯೂಬು ಕೊಡುತ್ತಾರೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಎಂಬ ಔಷಧ ಬೆರೆತಿರುತ್ತದೆ. ಎರಡು ದಿನದಲ್ಲಿ ತುರಿಕೆ ನಿಂತು ಗುಣವಾದಂತೆ ಕಾಣುತ್ತದೆ. ಬಿಟ್ಟೊಡನೆ ಗಜಕರ್ಣ ಇಮ್ಮಡಿಯಾಗಿ ಹಬ್ಬುತ್ತದೆ, ಚರ್ಮ ತೆಳ್ಳಗಾಗುತ್ತದೆ. ಮುಖ ಬೆಳ್ಳಗಾಗಲೆಂದು ಹೆಣ್ಣುಮಕ್ಕಳು ತರುವ ಕ್ರೀಮುಗಳಲ್ಲಿಯೂ ಇದು ಇರುವುದುಂಟು. ಕಪ್ಪು ಮೈಬಣ್ಣವು ಬಿಸಿಲಿಗೆ ಚರ್ಮ ತಾನೇ ಹಿಡಿದ ಕೊಡೆ. ಆ ಕೊಡೆಯನ್ನು ದುಡ್ಡು ಕೊಟ್ಟು ಹರಿದುಕೊಳ್ಳುವುದೇಕೆ?

ಯಾವಾಗ ವೈದ್ಯರ ಬಳಿ ಹೋಗಬೇಕೆಂಬುದನ್ನು ಚೆನ್ನಾಗಿ ನೆನಪಿಡಿ. ಬಿರುಕಿನಲ್ಲಿ ಕೀವಾದರೆ, ಕಾಲು ಬಾತು ಕೆಂಪಾದರೆ, ಜ್ವರ ಬಂದರೆ ಅದೇ ದಿನ ಹೋಗಬೇಕು. ಸಕ್ಕರೆ ಕಾಯಿಲೆಯವರು ಸಣ್ಣ ಗಾಯವಾದರೂ ಹೋಗಬೇಕು. ಮೈಮೇಲೆ ಮಾಸಲು ಮಚ್ಚೆ ಎದ್ದು, ಅಲ್ಲಿ ಮುಟ್ಟಿದರೆ ತಿಳಿಯದಿದ್ದರೆ ಬಿಸಿಲಿನ ಕಲೆಯೆಂದು ಸುಮ್ಮನಿರಬೇಡಿ. ಅದು ಕುಷ್ಠರೋಗದ ಗುರುತಾಗಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧವುಂಟು, ಪೂರ್ತಿ ಗುಣವಾಗುತ್ತದೆ. ಮುಚ್ಚಿಟ್ಟರೆ ಮಾತ್ರ ಕೈಕಾಲು ಊನವಾಗುವ ಭಯ. ಹೋಗಲು ಸಂಕೋಚವಾದರೆ ನಿಮ್ಮೂರ ಆಶಾ ಕಾರ್ಯಕರ್ತೆಗೆ ಹೇಳಿ.

ಮೊನ್ನೆ ಅದೇ ಹಳ್ಳಿಗೆ ಹೋಗಿದ್ದೆ. ಅಂದು ಹಿಮ್ಮಡಿ ತೋರಿಸಿದ ಹಿರಿಯರು ದಾರಿಯಲ್ಲೇ ಸಿಕ್ಕರು. "ಸಾಹೇಬ್ರ, ಕಾಲು ನೆಟ್ಟಗಾತು. ಆದ್ರ ಹಾಸಿಗಿ ಎಲ್ಲಾ ಎಣ್ಣಿ ಆಗ್ಯಾದಂತ ನಮ್ಮಾಕಿ ದಿನಾ ಬೈತಾಳ" ಎಂದರು. ಬೈಸಿಕೊಳ್ಳಿ ಯಜಮಾನರೇ, ಕಾಲು ಉಳಿಯಿತಲ್ಲ ಎಂದೆ. ಬೆರಳು ಕಳೆದುಕೊಂಡವರ ಮನೆಗೂ ಹೋದೆ. ಅವರೀಗ ದಿನಾಲೂ ಮೊಮ್ಮಗಳ ಕೈಯಿಂದ ಪಾದ ನೋಡಿಸಿಕೊಳ್ಳುತ್ತಾರೆ. ಆ ಹುಡುಗಿ ಬೆರಳಸಂದನ್ನೂ ಬಿಡದೆ ನೋಡುತ್ತಾಳೆ.

ಎತ್ತಿನ ಗೊರಸು ಸವೆದರೆ ನಾವು ಆ ದಿನವೇ ಲಾಳ ಕಟ್ಟಿಸುತ್ತೇವೆ. ನಮ್ಮ ಕಾಲಿನ ಕಡೆಗೆ ವರ್ಷವಾದರೂ ತಿರುಗಿ ನೋಡುವುದಿಲ್ಲ. ಇಂದು ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರ, ಹೆಂಗಸರ, ಮಕ್ಕಳ ಪಾದಗಳನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ. ಬಿರುಕಿದ್ದರೆ ತೊಳೆದು, ಹಸಿಯಿರುವಾಗಲೇ ಎಣ್ಣೆ ಹಚ್ಚಿ. ನೋವಿಲ್ಲವೆಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಬಿಡಬೇಡಿ, ಮುಟ್ಟಿದರೆ ತಿಳಿಯುತ್ತದೆಯೇ ಎಂದೂ ಕೇಳಿ. ಕೇಳದೆ ಹೊರಟುಬಂದವನು ನಾನು; ಆ ತಪ್ಪು ನಿಮ್ಮಿಂದ ಆಗದಿರಲಿ.